ಚಳಿಜ್ವರದ ಗುಳಿಗೆ ಎದೆಬಡಿತಕ್ಕೆ ಮದ್ದಾದ ಕತೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳಬರಿಗೆ ಕ್ವಿನೈನ್ ಅಂದ್ರೆ ಮಲೇರಿಯಾ ಕಾಲದ ಕಹಿ ಗುಳಿಗೆ. ಅದೇ ಗುಳಿಗೆ ಲಯ ತಪ್ಪಿದ ಹೃದಯಕ್ಕೂ ಮದ್ದಾಗಿತ್ತು ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. ಅದಕ್ಕೆ ಕಾರಣನಾದ ವೈದ್ಯ ಕಾರೆಲ್ ಫ್ರೆಡೆರಿಕ್ ವೆಂಕೆಬಾಕ್.

1864ರಲ್ಲಿ ನೆದರ್‌ಲ್ಯಾಂಡ್ಸ್‌ನ ಹೇಗ್‌ನಲ್ಲಿ ಹುಟ್ಟಿದ ಈತ ಮೊದಲು ಹೀರ್ಲೆನ್ ಎಂಬ ಸಣ್ಣ ಊರಿನಲ್ಲಿ ವೈದ್ಯನಾಗಿದ್ದ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಂಕೇತ ಪ್ರತಿ ಸಲ ಇನ್ನಷ್ಟು ತಡವಾಗುತ್ತಾ ಹೋಗಿ ಕೊನೆಗೊಂದು ಬಡಿತವೇ ತಪ್ಪುವುದನ್ನು 1899ರಲ್ಲಿ ಗುರುತಿಸಿದ. ಆಗಿನ್ನೂ ಇಸಿಜಿ ಬಂದಿರಲಿಲ್ಲ, ನಾಡಿಯ ಗೆರೆಗಳನ್ನೇ ಅಳೆದಿದ್ದ. ಆ ತೊಂದರೆಗೆ ಇವತ್ತಿಗೂ ಅವನದೇ ಹೆಸರು.

1912ರಲ್ಲಿ ಒಬ್ಬ ಡಚ್ ವ್ಯಾಪಾರಿ ಬಂದ. ಅವನಿಗಿದ್ದದ್ದು ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಮೇಲಿನ ಕೋಣೆಗಳು ಬಡಿಯುವ ಬದಲು ಅದುರುವ ಕಾಯಿಲೆ. ಭರವಸೆ ಕೊಡಲು ವೆಂಕೆಬಾಕ್ ಬಳಿ ಏನೂ ಇರಲಿಲ್ಲ. ಆದರೆ ಮಲೇರಿಯಾ ಸೀಮೆಯಲ್ಲಿ ಓಡಾಡಿದ್ದ ವ್ಯಾಪಾರಿ, ಕ್ವಿನೈನ್ ತಗೊಂಡಾಗ ಬಡಿತ ಸರಿಯಾಗೋದನ್ನು ತಾನೇ ಗಮನಿಸಿದ್ದ. ಒಂದು ಗ್ರಾಂ ನುಂಗಿ ಮರುದಿನ ಸರಿಯಾದ ನಾಡಿಯೊಂದಿಗೆ ಬಂದು ನಿಂತ.

ವೆಂಕೆಬಾಕ್ ರೋಗಿಯ ಮಾತನ್ನು ತಳ್ಳಿಹಾಕಲಿಲ್ಲ. ಬೇರೆ ರೋಗಿಗಳಿಗೂ ಕೊಟ್ಟು ನೋಡಿದ, ಕೆಲವರಲ್ಲಷ್ಟೇ ಫಲಿಸಿತು ಅಂತ 1914ರಲ್ಲಿ ಬರೆದ. 1918ರಲ್ಲಿ ವಾಲ್ಟರ್ ಫ್ರೈ, ಅದೇ ಸಿಂಕೋನಾ ತೊಗಟೆಯ ಕ್ವಿನಿಡಿನ್ ಇನ್ನೂ ಪರಿಣಾಮಕಾರಿ ಎಂದು ತೋರಿಸಿದ. ವಿಯೆನ್ನಾದಲ್ಲಿ ಪ್ರಾಧ್ಯಾಪಕನಾಗಿ ಹೆಸರು ಮಾಡಿದ ವೆಂಕೆಬಾಕ್ 1940ರಲ್ಲಿ ತೀರಿಕೊಂಡ.

ಮದ್ದಿನ ಅಸಲಿ ಲೆಕ್ಕ ಸಿಕ್ಕಿದ್ದು ಅವನು ಸತ್ತು 50 ವರ್ಷಗಳಾದ ಮೇಲೆ. 1990ರಲ್ಲಿ ಆರು ಪ್ರಯೋಗಗಳನ್ನು ಒಟ್ಟುಮಾಡಿ ನೋಡಿದಾಗ, ವರ್ಷದ ಕೊನೆಗೆ ಲಯ ಉಳಿದಿದ್ದು ಕ್ವಿನಿಡಿನ್ ತಗೊಂಡವರಲ್ಲಿ ಶೇ 50, ತಗೊಳ್ಳದವರಲ್ಲಿ ಶೇ 25. ಸತ್ತವರು? ತಗೊಂಡವರಲ್ಲಿ ಶೇ 2.9, ತಗೊಳ್ಳದವರಲ್ಲಿ ಶೇ 0.8. ಹೃದಯದ ವಿದ್ಯುತ್ತನ್ನು ತಿದ್ದುವ ಮದ್ದು ಕೆಲವರಲ್ಲಿ ಇನ್ನೂ ಅಪಾಯಕಾರಿ ಲಯವನ್ನೇ ಹುಟ್ಟಿಸಿಬಿಡುತ್ತದೆ.

ಹಾಗಂತ ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಮಾತ್ರೆ ತಗೊಳ್ತಿದ್ದರೆ ದಿಢೀರನೆ ನಿಲ್ಲಿಸಬೇಡಿ, ಅದೂ ಅಪಾಯವೇ. ಬೇಕಿರೋದು ನಿಗಾ. ಇಂದು ಬಳಕೆಯಲ್ಲಿರುವ ಅಮಿಯೋಡರೋನ್ ಅನೇಕರ ಲಯ ಕಾಯುತ್ತದೆ, ಆದರೆ ಥೈರಾಯ್ಡ್, ಯಕೃತ್ತು, ಶ್ವಾಸಕೋಶಗಳನ್ನು ಆಗಾಗ ತಪಾಸಣೆ ಮಾಡಿಸಲೇಬೇಕು.

ಈ ಮೂರೂ ತಾಲ್ಲೂಕುಗಳು ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿವೆ. ಮುಂದಿನ ಸಲ ವೋಟು ಕೇಳಲು ಬಂದವರಿಗೆ ಆಸ್ಪತ್ರೆ ಕಟ್ಟಡದ ಬಗ್ಗೆ ಮಾತ್ರ ಕೇಳಬೇಡಿ. ಮಾತ್ರೆ ಶುರುವಾದ ಮೇಲೆ ಇಸಿಜಿ, ಥೈರಾಯ್ಡ್, ಪೊಟ್ಯಾಸಿಯಂ ಪರೀಕ್ಷೆ, ಅದನ್ನು ಓದಿ ಹೇಳುವ ವೈದ್ಯರು ತಾಲ್ಲೂಕಿನಲ್ಲೇ ಸಿಗ್ತಾರಾ, ಇಲ್ಲಾ ಪ್ರತಿ ಸಲ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕಾ ಅಂತ ಕೇಳಿ.