ಅವಸರ ಬೇಡ, ಆತಂಕವೂ ಬೇಡ: ಮರ್ಮಡ್ಯೂಕ್ ಪಿಕ್ತಾಲ್ ಅವರ ಬದುಕು



ಹೊಸದಾಗಿ ಇಸ್ಲಾಮ್ ಸ್ವೀಕರಿಸಿದವರನ್ನು ಕೆಲವು ಪ್ರಶ್ನೆಗಳು ಕಾಡುತ್ತವೆ. ಹೆತ್ತವರನ್ನು ತೊರೆಯಬೇಕೇ? ಹೆಸರು ಬದಲಿಸಲೇಬೇಕೇ? ಇಷ್ಟು ತಡವಾಗಿ ಬಂದವನು ಕಲಿಯುವುದು ಯಾವಾಗ? ಹುಟ್ಟಿನಿಂದ ಮುಸ್ಲಿಮರಾದವರು ನನ್ನನ್ನು ತಮ್ಮವನೆಂದು ಒಪ್ಪುವರೇ? ಇಂತಹವರಿಗೆ ಧೈರ್ಯ ತುಂಬುವ ಬದುಕೊಂದಿದೆ. ಅದು ಪವಿತ್ರ ಕುರ್‌ಆನನ್ನು ಇಂಗ್ಲಿಷಿಗೆ ತಂದ ಮರ್ಮಡ್ಯೂಕ್ ಪಿಕ್ತಾಲ್ ಅವರದು.

ಪಿಕ್ತಾಲ್ 1875ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ತಂದೆ ಕ್ರೈಸ್ತ ಪಾದ್ರಿ. ಮಗ ಚಿಕ್ಕವನಿದ್ದಾಗಲೇ ಅವರು ತೀರಿಕೊಂಡರು, ತಾಯಿಯೇ ಸಾಕಿದರು. ಶಾಲೆಯಲ್ಲಿ ಗಣಿತ ಕಷ್ಟ, ಭಾಷೆಗಳು ಸುಲಭ. ಸರಕಾರದ ವಿದೇಶ ಸೇವೆಯ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ವಿದ್ಯಾರ್ಥಿಗಳೇ, ಗಮನಿಸಿ: ಆ ಸೋಲೇ ಅವರನ್ನು 1894ರಲ್ಲಿ ಈಜಿಪ್ಟ್, ಫೆಲೆಸ್ತೀನ್, ಸಿರಿಯಾಗಳ ಹಾದಿ ಹಿಡಿಸಿತು. ಅಲ್ಲಿ ಜನರೊಂದಿಗೆ ಬೆರೆತು ಅರಬಿ ಕಲಿತರು.

ದಮಾಸ್ಕಸ್ಸಿನಲ್ಲಿ ಅವರ ಮನಸ್ಸು ಇಸ್ಲಾಮಿನತ್ತ ವಾಲಿತು. ಉಮಯ್ಯದ್ ಮಸೀದಿಯ ಹಿರಿಯ ಶೇಖ್ ಒಬ್ಬರು ಅವರಿಗೆ ಅರಬಿ ಕಲಿಸುತ್ತಿದ್ದರು. ಯುವಕ ತನ್ನ ಬಯಕೆಯನ್ನು ಹೇಳಿಕೊಂಡಾಗ ಆ ಹಿರಿಯರು ಹಿಗ್ಗಿ ಕಲಿಮಾ ಹೇಳಿಸಲಿಲ್ಲ. ನಿನ್ನ ತಾಯಿಯನ್ನು ನೆನೆ, ಊರಿಗೆ ಹೋಗು, ವಯಸ್ಸು ಬಲಿಯಲಿ, ಆಮೇಲೆ ಯೋಚಿಸು ಎಂದು ತಿಳಿಹೇಳಿದರು. ಧರ್ಮಕ್ಕೆ ಜನರನ್ನು ಸೇರಿಸಿಕೊಳ್ಳುವ ಆತುರ ಅವರಿಗಿರಲಿಲ್ಲ, ಪರದೇಶದಲ್ಲಿ ಒಂಟಿಯಾಗಿದ್ದ ಹುಡುಗನ ಹಿತವೇ ಅವರಿಗೆ ಮುಖ್ಯವಾಗಿತ್ತು.

ತಾಯಿಯನ್ನು ನೆನೆಯೆಂಬ ಆ ಮಾತು ನಮಗೆ ಹೊಸದೇನಲ್ಲ. ಇಸ್ಲಾಮ್ ಸ್ವೀಕರಿಸದ ತಾಯಿಯೊಂದಿಗೂ ಸಂಬಂಧ ಉಳಿಸಿಕೊಳ್ಳಲು ಪ್ರವಾದಿವರ್ಯರು(ಸ) ಹಜ್ರತ್ ಅಸ್ಮಾ(ರ) ಅವರಿಗೆ ಆದೇಶಿಸಿದ್ದು ನಮಗೆ ತಿಳಿದೇ ಇದೆ.

ಪಿಕ್ತಾಲ್ ಊರಿಗೆ ಮರಳಿದರು, ಮದುವೆಯಾದರು, ಕಾದಂಬರಿಕಾರರಾಗಿ ಹೆಸರು ಮಾಡಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆಯಿತು. ಮೊದಲ ಮಹಾಯುದ್ಧದಲ್ಲಿ ತಮ್ಮ ದೇಶ ತುರ್ಕರ ವಿರುದ್ಧ ಕಾದಾಡುತ್ತಿದ್ದಾಗ, 1917ರ ನವೆಂಬರಿನಲ್ಲಿ, ಲಂಡನ್ನಿನ ಸಭೆಯೊಂದರಲ್ಲಿ ತಾವು ಮುಸ್ಲಿಮರೆಂದು ಬಹಿರಂಗವಾಗಿ ಸಾರಿದರು. ಆಗ ಅವರಿಗೆ 42 ವರ್ಷ. ತುರ್ಕರ ಮೇಲೆ ಆಯುಧ ಎತ್ತಲು ಅವರು ಒಪ್ಪಲಿಲ್ಲ. ಆದರೆ ದೇಶಸೇವೆಗೆ ಬೆನ್ನು ತಿರುಗಿಸಲೂ ಇಲ್ಲ. 1918ರಲ್ಲಿ ಸೈನ್ಯಕ್ಕೆ ಕರೆ ಬಂದಾಗ ಇನ್‌ಫ್ಲುಯೆಂಜಾ ರೋಗಿಗಳ ಪ್ರತ್ಯೇಕ ಆಸ್ಪತ್ರೆಯಲ್ಲಿ ದುಡಿದರು.

ಹೆಸರಿನ ಮಾತಿಗೆ ಬರೋಣ. ಅವರು ಮುಹಮ್ಮದ್ ಎಂಬುದನ್ನು ಸೇರಿಸಿಕೊಂಡರೇ ಹೊರತು ಹೆತ್ತವರಿಟ್ಟ ಹೆಸರನ್ನು ಬಿಡಲಿಲ್ಲ. ಹೆಸರು ಬದಲಿಸುವುದು ಕಲಿಮಾದ ಷರತ್ತಲ್ಲ. ಉಮರ್(ರ), ಬಿಲಾಲ್(ರ) ಮೊದಲಾದವರು ಹಳೆಯ ಹೆಸರಿನಲ್ಲಿಯೇ ಉಳಿದರಲ್ಲವೇ?

ಇನ್ನು, ಅವರನ್ನು ನಮ್ಮವರು ಒಪ್ಪಿದರೇ? 1919ರಲ್ಲಿ ಲಂಡನ್ನಿನ ಮುಸ್ಲಿಮರು ಅವರನ್ನು ಇಮಾಮರ ಸ್ಥಾನದಲ್ಲಿ ನಿಲ್ಲಿಸಿ ಅವರ ಹಿಂದೆ ನಮಾಝ್ ಮಾಡಿದರು! 1920ರಲ್ಲಿ ಅವರು ಭಾರತಕ್ಕೆ ಬಂದು ಬಾಂಬೆ ಕ್ರಾನಿಕಲ್ ಪತ್ರಿಕೆಯ ಸಂಪಾದಕರಾದರು. ಖಿಲಾಫತ್ ಚಳವಳಿಯನ್ನೂ ಗಾಂಧೀಜಿಯವರನ್ನೂ ಬೆಂಬಲಿಸಿದರು. ನಲವತ್ತೈದು ದಾಟಿದ ಮೇಲೆ ಉರ್ದು ಕಲಿತರು.

ನಮ್ಮ ಬೀದರ್, ಕಲಬುರಗಿ, ರಾಯಚೂರು ಅಂದು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನದ ರಾಜಧಾನಿಯಲ್ಲಿ 1925ರಿಂದ ಅವರು ಚಾದರ್‌ಘಾಟ್ ಹೈಸ್ಕೂಲಿನ ಮುಖ್ಯಸ್ಥರಾಗಿದ್ದರು. ಕುರ್‌ಆನ್ ಅನುವಾದಕ್ಕಾಗಿ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರು ಅವರಿಗೆ ಎರಡು ವರ್ಷದ ರಜೆ ನೀಡಿದರು. ಅರಬಿ ಬಲ್ಲವರಾಗಿದ್ದರೂ ಅವರು ತಮ್ಮನ್ನೇ ನಂಬಿ ಕೂರಲಿಲ್ಲ. ಕೈರೋಗೆ ಹೋಗಿ ವಿದ್ವಾಂಸರ ಮುಂದೆ ಹಸ್ತಪ್ರತಿಯನ್ನಿಟ್ಟು ತಿದ್ದಿಸಿಕೊಂಡರು. 1930ರಲ್ಲಿ ಅದು ಪ್ರಕಟವಾಯಿತು. ಅಲ್ಲಾಹನ ವಾಣಿಯನ್ನು ಅನುವಾದದಲ್ಲಿ ಹಿಡಿಯಲಾಗದೆಂಬ ವಿನಯದಿಂದ ಅದನ್ನು ಕುರ್‌ಆನಿನ 'ಅರ್ಥ' ಎಂದಷ್ಟೇ ಕರೆದರು.

1936ರ ಮೇ 19ರಂದು ಅವರು ಇಂಗ್ಲೆಂಡಿನಲ್ಲಿ ನಿಧನರಾದರು. ಬ್ರೂಕ್‌ವುಡ್‌ನ ಮುಸ್ಲಿಮ್ ದಫನಭೂಮಿಯಲ್ಲಿ ಅವರ ಸಮಾಧಿಯಿದೆ. ಇನ್ನೊಬ್ಬ ಕುರ್‌ಆನ್ ಅನುವಾದಕ ಅಬ್ದುಲ್ಲಾ ಯೂಸುಫ್ ಅಲಿಯವರೂ ಅದೇ ಬ್ರೂಕ್‌ವುಡ್‌ನಲ್ಲಿ ವಿಶ್ರಮಿಸಿದ್ದಾರೆ. ಒಬ್ಬರು ಪಾದ್ರಿಯ ಮಗ, ಇನ್ನೊಬ್ಬರು ಮುಸ್ಲಿಮ್ ಮನೆಯಲ್ಲಿ ಹುಟ್ಟಿದವರು. ಮಣ್ಣು ಭೇದ ಮಾಡಲಿಲ್ಲ.

ಹೊಸ ಸಹೋದರ ಸಹೋದರಿಯರೇ, ತಡವಾಯಿತೆಂದು ಕೊರಗಬೇಡಿ. ಇಂದು ಒಂದು ಸೂರಾ, ನಾಳೆ ಇನ್ನೊಂದು ಕಲಿತರಾಯಿತು. ತಾಯ್ತಂದೆಯರ ಸೇವೆ ಬಿಡಬೇಡಿ. ಸಂಘದ ಸದಸ್ಯರೇ, ನಿಮ್ಮ ಮಸೀದಿಗೆ ಹೊಸಬರು ಬಂದಾಗ ಅವರ ತಪ್ಪುಗಳನ್ನು ಎಣಿಸುವ ಮೊದಲು ದಮಾಸ್ಕಸ್ಸಿನ ಆ ಶೇಖರನ್ನು ನೆನೆಯಿರಿ. ಅವರು ಆತುರಪಡಿಸಿದ್ದರೆ, ಇಲ್ಲವೇ ಮುಖ ತಿರುಗಿಸಿದ್ದರೆ, ಈ ಬದುಕು ಯಾವ ದಾರಿ ಹಿಡಿಯುತ್ತಿತ್ತೋ!

ಅಲ್ಲಾಹನು ಪಿಕ್ತಾಲರ ಸೇವೆಯನ್ನು ಸ್ವೀಕರಿಸಲಿ, ನಮಗೆ ಆ ಶೇಖರ ತಾಳ್ಮೆಯನ್ನು ಕರುಣಿಸಲಿ. ಆಮೀನ್.