ತುಪ್ಪದ ಹನಿಯ ಕೆಳಗೆ ಲಸಿಕೆ ಬೆಳೆಸಿದ ಹಾಫ್ಕಿನ್

ಮಳೆಗಾಲಕ್ಕೆ ಮುನ್ನ ಎಮ್ಮೆ, ಎತ್ತುಗಳಿಗೆ ಗಂಟಲು ಬೇನೆಯ ಲಸಿಕೆ ಹಾಕಿಸುವುದು ವಳಸಂಗದ ರೈತ ಮನೆಗಳ ಮಕ್ಕಳಿಗೆ ಹೊಸ ಸಂಗತಿಯಲ್ಲ. ನೆರೆಯ ಮರಾಠಿಗರು ಘಟಸರ್ಪ ಎನ್ನುವ ಈ ಬೇನೆಗೆ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಕಾರಣ. ಹಂದಿಗಳ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುವುದೂ ಅದೇ. ಮನುಷ್ಯರನ್ನು ಕಾಡಿದ ಪ್ಲೇಗಿನ ಸೂಕ್ಷ್ಮಾಣುವನ್ನು ಕೂಡ ವಿಜ್ಞಾನಿಗಳು ಬಹುಕಾಲ ಇದೇ ಕುಲದಲ್ಲಿ ಎಣಿಸುತ್ತಿದ್ದರು. ಆ ಪ್ಲೇಗಿಗೆ ಮೊದಲ ಲಸಿಕೆಯನ್ನು ರೂಪಿಸಿದವರು ವಾಲ್ಡೆಮಾರ್ ಹಾಫ್ಕಿನ್. ರೂಪಿಸಿದ್ದು ನಮ್ಮದೇ ಮುಂಬಯಿಯಲ್ಲಿ.

ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾದಲ್ಲಿ. ಯಹೂದಿ ಮನೆತನದವರಾದ ಕಾರಣ ರಷ್ಯಾದಲ್ಲಿ ಅವರಿಗೆ ವಿದ್ಯೆಗೆ ತಕ್ಕ ಹುದ್ದೆ ದೊರೆಯಲಿಲ್ಲ. ದೇಶ ಬಿಟ್ಟು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, 1892ರ ಜುಲೈಯಲ್ಲಿ ತಮಗೇ ಚುಚ್ಚಿಕೊಂಡರು. ಮರುವರ್ಷ ಕಲಕತ್ತೆಗೆ ಬಂದರು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಸರ್ಕಾರ ಅವರನ್ನು ಅಲ್ಲಿಗೆ ಕರೆಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ದೊರೆತ ಇಕ್ಕಟ್ಟಾದ ಜಾಗವೇ ಪ್ರಯೋಗಶಾಲೆಯಾಯಿತು. ಅವರು ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರು. ಹನಿಗಳಿಗೆ ಜೋತುಬಿದ್ದ ಸೂಕ್ಷ್ಮಾಣುಗಳು ಬಿಳಲಿನಂತೆ ಕೆಳಗಿಳಿದು ಬೆಳೆದವು. ನಮ್ಮ ಅಡುಗೆಮನೆಯ ತುಪ್ಪಕ್ಕೆ ಇಂಥದೊಂದು ಉಪಯೋಗವಿದ್ದೀತೆಂದು ಯಾರು ಊಹಿಸಿದ್ದರು! ಹೀಗೆ ಬೆಳೆದುದನ್ನು ಕಾಯಿಸಿ, ಸೂಕ್ಷ್ಮಾಣುಗಳನ್ನು ಕೊಂದು ಲಸಿಕೆ ಮಾಡಿದರು. 1897ರ ಜನವರಿ 10ರಂದು ಅದನ್ನೂ ಮೊದಲು ತಮಗೇ ಚುಚ್ಚಿಕೊಂಡು ಜ್ವರದಲ್ಲಿ ಮಲಗಿದರು. ಅದೇ ತಿಂಗಳು ಬೈಕುಲಾ ಸೆರೆಮನೆಯಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಹಾಕಿಸಿಕೊಂಡವರಲ್ಲಿ ರೋಗ ತೀರ ಕಡಿಮೆಯಾಯಿತು.

ಸತ್ತ ಸೂಕ್ಷ್ಮಾಣು ಕಾಪಾಡುವುದಾದರೂ ಹೇಗೆ? ದೇಹದ ಕಾವಲು ಪಡೆ ಶತ್ರುವನ್ನು ಗುರುತಿಸುವುದು ಅದರ ಮೈಮೇಲಿನ ಹೊದಿಕೆಯಿಂದ. ಪ್ಲೇಗಿನ ಸೂಕ್ಷ್ಮಾಣು ನಮ್ಮ ಮೈಶಾಖದಲ್ಲಿ, ಅಂದರೆ 37 ಡಿಗ್ರಿಯಲ್ಲಿ, ಎಫ್1 ಎಂಬ ಪ್ರೋಟೀನಿನ ಕವಚವನ್ನು ತೊಡುತ್ತದೆ. ತನ್ನನ್ನು ನುಂಗಬರುವ ರಕ್ತಕಣಗಳಿಂದ ತಪ್ಪಿಸಿಕೊಳ್ಳಲು ಅದಕ್ಕೆ ಇದೇ ಆಸರೆ. ಈ ಕವಚದ ಪರಿಚಯವನ್ನು ದೇಹಕ್ಕೆ ಮೊದಲೇ ಮಾಡಿಸಿದರೆ ಅದರ ವಿರುದ್ಧ ಪ್ರತಿಕಾಯಗಳು ಸಿದ್ಧವಾಗಿರುತ್ತವೆ. ಈ ತಿಳಿವಳಿಕೆ ಬಂದದ್ದು ಹಾಫ್ಕಿನ್ನರ ತರುವಾಯ. ಕೊಂದ ಸೂಕ್ಷ್ಮಾಣುಗಳ ಲಸಿಕೆ ಗಡ್ಡೆಯ ಪ್ಲೇಗಿಗೆ ತಡೆಯೊಡ್ಡಿತೇ ಹೊರತು, ಉಸಿರಿನಿಂದ ಹರಡುವ ಶ್ವಾಸಕೋಶದ ಪ್ಲೇಗಿಗೆ ಅಷ್ಟಾಗಿ ನಾಟಲಿಲ್ಲ ಎಂಬುದನ್ನೂ ಹೇಳಬೇಕು.

ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೂ ಪ್ಲೇಗು ಹಬ್ಬಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಈ ಲಸಿಕೆಯನ್ನು ಹಾಕಿಸಿಕೊಂಡರು. ಊರು ತೊರೆದು ಹೊಲದ ಗುಡಿಸಲುಗಳಲ್ಲಿ ದಿನ ದೂಡುವುದೊಂದೇ ಗತಿಯಾಗಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ಆದರೆ 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಜನರು ಧನುರ್ವಾಯುವಿನಿಂದ ಮಡಿದರು. ಬೇರೆ ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ತಪ್ಪು ಪ್ರಯೋಗಶಾಲೆಯದೆಂದು ಹಾಫ್ಕಿನ್ನರನ್ನು ಹುದ್ದೆಯಿಂದ ದೂರವಿಡಲಾಯಿತು. ಸೀಸೆ ತೆರೆಯುವ ಚಿಮಟ ಆ ದಿನ ನೆಲಕ್ಕೆ ಬಿದ್ದಿತ್ತು. ಸರಿಯಾಗಿ ಶುದ್ಧಿಗೊಳಿಸದೆಯೇ ಅದನ್ನು ಮತ್ತೆ ಬಳಸಲಾಗಿತ್ತು. ಲಂಡನ್ನಿನ ಪರಿಣತರು ದಾಖಲೆಗಳನ್ನು ಪರಿಶೀಲಿಸಿದರು. ಮಲೇರಿಯಾ ವಿಜ್ಞಾನಿ ರೊನಾಲ್ಡ್ ರಾಸ್ ಮೊದಲಾದವರು ಪತ್ರಿಕೆಯಲ್ಲಿ ಬಹಿರಂಗವಾಗಿ ಹಾಫ್ಕಿನ್ನರ ಪರ ನಿಂತರು. ನಿರ್ದೋಷಿ ಎನಿಸಿಕೊಳ್ಳುವ ಹೊತ್ತಿಗೆ 1907 ಬಂದಿತ್ತು. ಜೀವನದ ಉತ್ತಮ ವರ್ಷಗಳನ್ನು ಹೀಗೆ ಕಸಿದುಕೊಂಡದ್ದು ಅನ್ಯಾಯವಲ್ಲದೆ ಮತ್ತೇನು?

ಮರಳಿ ಕಲಕತ್ತೆಗೆ ಬಂದರಾದರೂ ತಾವು ಕಟ್ಟಿದ ಮುಂಬಯಿಯ ಪ್ರಯೋಗಶಾಲೆ ಅವರ ಕೈಗೆ ಸಿಗಲಿಲ್ಲ. 1914ರಲ್ಲಿ ನಿವೃತ್ತರಾಗಿ ಯುರೋಪಿಗೆ ಹಿಂದಿರುಗಿದರು. ಪರೇಲಿನಲ್ಲಿದ್ದ ಆ ಸಂಸ್ಥೆಗೆ 1925ರಲ್ಲಿ ಹಾಫ್ಕಿನ್ ಸಂಸ್ಥೆ ಎಂದು ಹೆಸರಿಡಲಾಯಿತು. ಐದು ವರ್ಷಗಳ ಬಳಿಕ, 1930ರ ಅಕ್ಟೋಬರ್ 26ರಂದು, ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಅವರು ತೀರಿಕೊಂಡರು.