ಹೂವಿನ ಗುಟ್ಟನ್ನು ಕಂಡ ಉಪಾಧ್ಯಾಯ: ಕ್ರಿಸ್ಟಿಯಾನ್ ಕೊನ್ರಾಡ್ ಸ್ಪ್ರೆಂಗೆಲ್

ಹೂವಿನಿಂದ ಹೂವಿಗೆ ಹಾರುವ ದುಂಬಿಯು ಮಕರಂದವನ್ನು ಹೀರುವಾಗ ತನಗರಿವಿಲ್ಲದೆಯೇ ಪರಾಗವನ್ನೂ ಹೊತ್ತೊಯ್ಯುತ್ತದೆ ಎಂಬ ಸಂಗತಿಯನ್ನು ಇಂದು ಪ್ರೌಢಶಾಲೆಯ ಬಾಲಕನೂ ಬಲ್ಲನು. ಆದರೆ ಈ ಸತ್ಯವು ಸುಲಭವಾಗಿ ಲಭಿಸಿದುದಲ್ಲ. ಕಾಡುಮೇಡುಗಳ ಹೂಗಳ ಬಳಿ ವರ್ಷಗಟ್ಟಲೆ ಕಾದು ಕುಳಿತು ಇದನ್ನು ಮೊದಲ ಬಾರಿಗೆ ಸಾಂಗವಾಗಿ ನಿರೂಪಿಸಿದವನು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಲ್ಲ; ಜರ್ಮನಿಯ ಪುಟ್ಟ ಪಟ್ಟಣವೊಂದರ ಶಾಲೆಯ ಮುಖ್ಯೋಪಾಧ್ಯಾಯನು. ಆ ಶೋಧಕ್ಕಾಗಿ ಅವನು ತೆತ್ತ ಬೆಲೆ ಅಲ್ಪವಾದುದಲ್ಲ.

ಕ್ರಿಸ್ಟಿಯಾನ್ ಕೊನ್ರಾಡ್ ಸ್ಪ್ರೆಂಗೆಲನು 1750ರ ಸೆಪ್ಟೆಂಬರ್ 22ರಂದು ಬ್ರಾಂಡೆನ್‌ಬರ್ಗ್ ಪಟ್ಟಣದಲ್ಲಿ ಪಾದ್ರಿಯೊಬ್ಬನ ಮಗನಾಗಿ ಜನಿಸಿದನು. ತಂದೆಯ ಹಾದಿಯನ್ನೇ ಹಿಡಿದು ಹಾಲೆ ವಿಶ್ವವಿದ್ಯಾನಿಲಯದಲ್ಲಿ ದೇವತಾಶಾಸ್ತ್ರವನ್ನೂ ಪ್ರಾಚೀನ ಭಾಷೆಗಳನ್ನೂ ವ್ಯಾಸಂಗ ಮಾಡಿದನು. ಆದರೆ ಧರ್ಮಪೀಠವನ್ನೇರದೆ ಅಧ್ಯಾಪನವನ್ನು ಆರಿಸಿಕೊಂಡು, ಬರ್ಲಿನ್ನಿನಲ್ಲಿ ಕೆಲಕಾಲ ಪಾಠ ಹೇಳಿ, 1780ರಲ್ಲಿ ಸಮೀಪದ ಸ್ಪಾಂಡೌ ಪಟ್ಟಣದ ಶಾಲೆಗೆ ಮುಖ್ಯಸ್ಥನಾದನು. ಅಲ್ಲಿ ಅವನ ದೇಹಸ್ಥಿತಿಯು ಕೆಟ್ಟಾಗ, ಅರ್ನ್ಸ್ಟ್ ಲುಡ್ವಿಗ್ ಹೈಮ್ ಎಂಬ ವೈದ್ಯನು ಸಸ್ಯಗಳ ಅಭ್ಯಾಸವನ್ನು ಕೈಗೊಳ್ಳುವಂತೆ ಸಲಹೆಯಿತ್ತನು. ಆರೋಗ್ಯಕ್ಕಾಗಿ ಹಿಡಿದ ಈ ಹವ್ಯಾಸವೇ ಅವನ ಬಾಳಿನ ವ್ರತವಾಯಿತು.

ಸಸ್ಯಗಳಲ್ಲಿಯೂ ಗಂಡುಹೆಣ್ಣೆಂಬ ಭೇದವುಂಟೆಂದು ಕಾಮರೇರಿಯಸನು 1694ರಲ್ಲಿಯೇ ತೋರಿಸಿದ್ದನು. ಪರಾಗವನ್ನು ಸಾಗಿಸುವಲ್ಲಿ ಕೀಟಗಳ ಪಾತ್ರವುಂಟೆಂದು 1761ರಲ್ಲಿ ಕೋಲ್‌ರಾಯ್ಟರನು ಬರೆದಿದ್ದನು. ಹೀಗಿದ್ದರೂ, ಕೇಸರಗಳೂ ಅಂಡಾಶಯವೂ ಒಂದೇ ಹೂವಿನಲ್ಲಿರುವಾಗ ಅದು ತನ್ನ ಪರಾಗದಿಂದಲೇ ಫಲಿತವಾಗುವುದು ಸಹಜವೆಂಬ ಭಾವನೆಯೇ ಬಲವಾಗಿತ್ತು. ಮಕರಂದವು ಎಳೆಯ ಬೀಜಗಳಿಗೆ ಆಹಾರವೆಂದೂ, ಅದನ್ನು ಹೀರುವ ಜೇನ್ನೊಣವು ಕಳ್ಳನೆಂದೂ ಹಲವರು ಬಗೆದಿದ್ದರು.

1787ರ ಬೇಸಿಗೆಯಲ್ಲಿ ಸ್ಪ್ರೆಂಗೆಲನು ಕಾಡು ಜೆರೇನಿಯಮ್ಮಿನ ಹೂವೊಂದನ್ನು ಪರೀಕ್ಷಿಸುತ್ತಿದ್ದನು. ಅದರ ಎಸಳುಗಳ ಬುಡದಲ್ಲಿ ಅತಿ ನವುರಾದ ಕೂದಲುಗಳಿದ್ದವು. ಸೃಷ್ಟಿಕರ್ತನು ಒಂದು ಕೂದಲನ್ನೂ ನಿರರ್ಥಕವಾಗಿ ನಿರ್ಮಿಸಿರಲಾರನೆಂಬುದು ಅವನ ದೃಢವಾದ ನಂಬಿಕೆ. ಹಾಗಾದರೆ ಇವು ಏತಕ್ಕಾಗಿ? ಹುಬ್ಬಿನ ಕೂದಲು ಬೆವರನ್ನು ಕಣ್ಣಿಗಿಳಿಯದಂತೆ ತಡೆಯುವ ಹಾಗೆ, ಇವು ಮಳೆಯ ಹನಿಯನ್ನು ತಡೆದು ಒಳಗಿನ ಮಕರಂದವನ್ನು ಕಾಪಾಡುತ್ತವೆ ಎಂದು ಅವನಿಗೆ ತೋರಿತು. ಇಷ್ಟು ಜತನದಿಂದ ಕಾಪಾಡಿದ ಮಕರಂದವು ಕೀಟಗಳಿಗಾಗಿಯೇ ಇರಬೇಕು.

ಮರುವರ್ಷ ಮಯೊಸೋಟಿಸ್ ಎಂಬ ಪುಟ್ಟ ನೀಲಿಯ ಹೂವಿನ ನಡುವೆ, ಕೊಳವೆಯ ಬಾಯಿಯ ಸುತ್ತ, ಹಳದಿಯ ಬಳೆಯೊಂದು ಅವನ ಗಮನವನ್ನು ಸೆಳೆಯಿತು. ಮಕರಂದದ ಬಾಗಿಲು ಎಲ್ಲಿದೆಯೆಂದು ಕೀಟಕ್ಕೆ ತೋರುವ ಗುರುತು ಅದೆಂದು ಅವನು ಊಹಿಸಿದನು. ಅನೇಕ ಹೂಗಳ ಚುಕ್ಕೆಗಳನ್ನೂ ಗೆರೆಗಳನ್ನೂ ಪರಿಶೀಲಿಸಿ ಆ ಊಹೆಯನ್ನು ದೃಢಪಡಿಸಿಕೊಂಡನು. ಇರುಳಿನಲ್ಲಿ ಅರಳುವ ಹೂಗಳಲ್ಲಿ ಇಂಥ ಗುರುತುಗಳಿಲ್ಲದಿರುವುದನ್ನೂ, ಕತ್ತಲೆಯಲ್ಲಿ ಕಾಣಲೆಂದು ಅವು ತಿಳಿಬಣ್ಣ ತಳೆದಿರುವುದನ್ನೂ ಅವನು ಗುರುತಿಸಿದನು. ಮಾನವನ ಕಣ್ಣಿಗೆ ಕಾಣದ, ಆದರೆ ಜೇನ್ನೊಣಕ್ಕೆ ಕಾಣುವ ಅತಿನೇರಳೆಯ ಗುರುತುಗಳೂ ಹೂಗಳಲ್ಲಿ ಇವೆಯೆಂದು ಇಪ್ಪತ್ತನೆಯ ಶತಮಾನದ ವಿಜ್ಞಾನವು ತೋರಿಸಿಕೊಟ್ಟಿದೆ.

ಅವನ ಅತ್ಯಂತ ಮಹತ್ತ್ವದ ಶೋಧಕ್ಕೆ ಎಪಿಲೋಬಿಯಂ ಎಂಬ ಕಾಡುಗಿಡವು ನಿಮಿತ್ತವಾಯಿತು. ಅದರ ಹೂವು ಅರಳಿದಾಗ ಮೊದಲು ಕೇಸರಗಳು ಬಲಿತು ಪರಾಗವನ್ನು ಚೆಲ್ಲುತ್ತವೆ. ಆಗ ಶಲಾಕೆಯು ಕೆಳಕ್ಕೆ ಬಾಗಿದ್ದು ಅದರ ತುದಿ ಮುಚ್ಚಿರುತ್ತದೆ. ಕೇಸರಗಳು ಬಾಡಿದ ಮೇಲೆ ಶಲಾಕೆಯು ಮೇಲಕ್ಕೆದ್ದು, ತುದಿಯು ನಾಲ್ಕು ಕವಲಾಗಿ ಬಿಚ್ಚಿಕೊಳ್ಳುತ್ತದೆ. ಹೀಗೆ ಒಂದೇ ಹೂವಿನಲ್ಲಿ ಗಂಡುಹೆಣ್ಣುಗಳಿದ್ದರೂ ಕಾಲಭೇದದಿಂದಾಗಿ ಅವುಗಳ ಮಿಲನ ನಡೆಯದು. ಎಳೆಯ ಹೂವಿನ ಪರಾಗವನ್ನು ದುಂಬಿಯೇ ಹಳೆಯ ಹೂವಿಗೆ ತಂದೊಪ್ಪಿಸಬೇಕು. ಯೂಫೋರ್ಬಿಯ ಜಾತಿಯ ಗಿಡವೊಂದರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಹೆಣ್ಣುಭಾಗವೇ ಮೊದಲು ಬಲಿಯುವುದನ್ನೂ ಅವನು ಕಂಡನು. ಹೂವು ತನ್ನ ಪರಾಗದಿಂದಲೇ ಫಲಿಸುವುದು ಪ್ರಕೃತಿಗೆ ಒಪ್ಪಿಗೆಯಿಲ್ಲವೆಂಬ ತೀರ್ಮಾನಕ್ಕೆ ಬರಲು ಅವನಿಗೆ ಈ ಸಾಕ್ಷ್ಯಗಳು ನೆರವಾದವು. ಬಣ್ಣ, ಪರಿಮಳ, ಮಕರಂದಗಳಿಲ್ಲದೆ ಹೇರಳವಾಗಿ ಪರಾಗವನ್ನು ಚೆಲ್ಲುವ ಹೂಗಳು ಗಾಳಿಯನ್ನು ನೆಚ್ಚಿಕೊಂಡಿವೆಯೆಂದೂ, ಕೆಲವು ಆರ್ಕಿಡ್ ಹೂಗಳು ಮಕರಂದವಿಲ್ಲದೆಯೇ ಇರುವಂತೆ ನಟಿಸಿ ಕೀಟಗಳನ್ನು ವಂಚಿಸುತ್ತವೆಯೆಂದೂ ಅವನು ವಿವರಿಸಿದನು.

ಈ ಪರಿಶ್ರಮದ ಫಲವಾಗಿ ಹೂಗಳ ರಚನೆ ಮತ್ತು ಗರ್ಭಾಂಕುರದಲ್ಲಿ ಅಡಗಿರುವ ಪ್ರಕೃತಿಯ ರಹಸ್ಯವನ್ನು ಕುರಿತ ಗ್ರಂಥವು 1793ರಲ್ಲಿ ಬರ್ಲಿನ್ನಿನಿಂದ ಹೊರಬಂದಿತು. 461 ಸಸ್ಯಗಳ ವರ್ಣನೆ, ಅವನೇ ಬರೆದ ಚಿತ್ರಗಳಿಂದ ತುಂಬಿದ 25 ಫಲಕಗಳು ಅದರಲ್ಲಿದ್ದವು. ಆದರೆ ವಿದ್ವಾಂಸರು ಅದನ್ನು ಆದರಿಸಲಿಲ್ಲ. ಮಹಾಕವಿ ಗಯಟೆಗೂ ಆ ವಿವರಣೆ ಹಿಡಿಸಲಿಲ್ಲ. ಗ್ರಂಥದ ಎರಡನೆಯ ಭಾಗವು ಬೆಳಕನ್ನೇ ಕಾಣಲಿಲ್ಲ.

ಶಾಲೆಯಲ್ಲಿಯೂ ಪರಿಸ್ಥಿತಿ ಬಿಗಡಾಯಿಸಿತ್ತು. ಹೂಗಳ ಬೆನ್ನುಹತ್ತಿ ಕರ್ತವ್ಯವನ್ನು ಅಲಕ್ಷಿಸುವನೆಂದೂ, ಮಕ್ಕಳೊಡನೆ ಕಠೋರವಾಗಿ ವರ್ತಿಸುವನೆಂದೂ ಅವನ ಮೇಲೆ ಆರೋಪಗಳು ಬಂದವು. ಮೇಲಧಿಕಾರಿಗಳೊಡನೆ ವಿರಸವು ಬೆಳೆಯಿತು. ಗ್ರಂಥವು ಪ್ರಕಟವಾದ ಮರುವರ್ಷವೇ, 1794ರಲ್ಲಿ, ಅಲ್ಪ ನಿವೃತ್ತಿವೇತನದೊಡನೆ ಅವನು ಹುದ್ದೆಯಿಂದ ಹೊರಬಿದ್ದನು. ಆರೋಪಗಳೆಲ್ಲ ನಿರಾಧಾರವೆಂದು ಹೇಳುವಂತಿಲ್ಲ. ಹೂವಿನ ಮುಂದೆ ಅಪಾರ ತಾಳ್ಮೆಯನ್ನು ತಳೆದಿದ್ದ ಆತನಲ್ಲಿ ಮನುಷ್ಯರೊಡನೆ ಹೊಂದಿಕೊಳ್ಳುವ ಗುಣ ಕಡಿಮೆಯಿತ್ತು.

ಉಳಿದ ಆಯುಷ್ಯವನ್ನು ಬರ್ಲಿನ್ನಿನಲ್ಲಿ ಏಕಾಂಗಿಯಾಗಿ, ಮನೆಪಾಠ ಹೇಳುತ್ತ, ಆಸಕ್ತರನ್ನು ಸಸ್ಯವೀಕ್ಷಣೆಗೆ ಕರೆದೊಯ್ಯುತ್ತ ಕಳೆದನು. 1811ರಲ್ಲಿ ಜೇನ್ನೊಣಗಳ ಉಪಯುಕ್ತತೆಯನ್ನು ಕುರಿತು ಚಿಕ್ಕ ಪುಸ್ತಕವೊಂದನ್ನು ಬರೆದನು. ಅದೂ ಮನ್ನಣೆಗೆ ಪಾತ್ರವಾಗಲಿಲ್ಲ. 1816ರ ಏಪ್ರಿಲ್ 7ರಂದು ಅವನು ಕಾಲವಾದಾಗ ಲೋಕವು ಅವನನ್ನು ಹೆಚ್ಚುಕಡಿಮೆ ಮರೆತಿತ್ತು.

ಇಪ್ಪತ್ತೈದು ವರ್ಷಗಳ ತರುವಾಯ, 1841ರಲ್ಲಿ, ಸಸ್ಯವಿಜ್ಞಾನಿ ರಾಬರ್ಟ್ ಬ್ರೌನನ ಸಲಹೆಯಂತೆ ಚಾರ್ಲ್ಸ್ ಡಾರ್ವಿನ್ನನು ಆ ಗ್ರಂಥವನ್ನು ಓದಿ ಬೆರಗಾದನು. ಆರ್ಕಿಡ್‌ಗಳನ್ನು ಕುರಿತ 1862ರ ಗ್ರಂಥದಲ್ಲಿ ಅವನನ್ನು ಗೌರವದಿಂದ ಸ್ಮರಿಸಿದನು. ಮುಂದೆ 11 ವರ್ಷಗಳ ಪ್ರಯೋಗಗಳನ್ನು ನಡೆಸಿ, ಪರಕೀಯ ಪರಾಗಸ್ಪರ್ಶದಿಂದ ಹುಟ್ಟಿದ ಸಸಿಗಳು ಸಾಮಾನ್ಯವಾಗಿ ಹೆಚ್ಚು ಪುಷ್ಟವಾಗಿರುತ್ತವೆಂದು 1876ರಲ್ಲಿ ಪ್ರಕಟಿಸಿದನು. ಸ್ಪ್ರೆಂಗೆಲನು ಕಂಡಿದ್ದ ವ್ಯವಸ್ಥೆಗೆ ಅವನು ಕಾಣದೆಹೋದ ಕಾರಣವು ಹೀಗೆ ದೊರೆಯಿತು. ಮಕರಂದವಿಲ್ಲದ ಹೂವಿನ ವಂಚನೆಯನ್ನು ಡಾರ್ವಿನ್ನನೂ ನಂಬಿರಲಿಲ್ಲ; ಅಲ್ಲಿ ಸ್ಪ್ರೆಂಗೆಲನೇ ಸರಿಯೆಂದು ನಂತರದ ಸಂಶೋಧನೆಗಳು ಸಿದ್ಧಪಡಿಸಿದವು. ಹೂಬಿಡುವ ಸಸ್ಯಜಾತಿಗಳಲ್ಲಿ ಶೇಕಡಾ 87ಕ್ಕೂ ಮಿಕ್ಕಿದವು ಕೀಟ, ಪಕ್ಷಿ ಮುಂತಾದ ಜೀವಿಗಳಿಂದಲೇ ಪರಾಗಸ್ಪರ್ಶವನ್ನು ಪಡೆಯುತ್ತವೆಂದು 2011ರ ಲೆಕ್ಕಾಚಾರವೊಂದು ತಿಳಿಸಿದೆ.

ಗುರುವೃಂದಕ್ಕೂ ವಿದ್ಯಾಸಂಸ್ಥೆಗಳನ್ನು ಪೊರೆಯುವ ಮಹನೀಯರಿಗೂ ಈ ಜೀವನದಲ್ಲಿ ಎರಡು ಪಾಠಗಳಿವೆ. ಜ್ಞಾನದ ಬೆನ್ನುಹತ್ತಿದ ಗುರುವು ಎದುರಿಗಿರುವ ಮಗುವನ್ನು ಮರೆಯಲಾಗದು ಎಂಬುದು ಒಂದು. ಗುರುವಿನ ಜಿಜ್ಞಾಸೆಯನ್ನು ಕರ್ತವ್ಯಲೋಪವೆಂದೇ ಎಣಿಸುವ ಸಂಸ್ಥೆಯು ತನ್ನ ಅಂಗಳದಲ್ಲಿ ಅರಳಿದ ಹೂವನ್ನು ತಾನೇ ಕಾಣದೆ ಹೋಗುತ್ತದೆ ಎಂಬುದು ಇನ್ನೊಂದು. ಸ್ಪಾಂಡೌ ಶಾಲೆಯ ಆಚೀಚೆಯ ಹೊಲಗದ್ದೆಗಳಲ್ಲಿ ಆ ಹೂಗಳನ್ನು ದಿನವೂ ನೂರಾರು ಜನರು ಕಂಡಿದ್ದರು. ಒಂದು ಕೂದಲು ಏಕಿದೆಯೆಂದು ಕೇಳಿ, ಉತ್ತರ ದೊರೆಯುವವರೆಗೂ ಕಾದವನು ಒಬ್ಬನೇ.